ನೇಪಾಳದಲ್ಲಿ ಮೂವರು, ಫೋಟೋದಲ್ಲಿ ನಾಲ್ವರು

ಹೊಸದುರ್ಗ

ಪಾಸ್‌ಪೋರ್ಟ್ ಇಲ್ಲದವರಿಗೂ ಸಿಗುವ ವಿದೇಶವೆಂದರೆ ನೇಪಾಳ. ವೋಟರ್ ಐಡಿ ಸಾಕು. ನನ್ನ ವೋಟರ್ ಐಡಿಯ ಫೋಟೋದಲ್ಲಿರುವ ಹೆಂಗಸನ್ನು ನಾನು ಈವರೆಗೆ ಎಲ್ಲೂ ಭೇಟಿಯಾಗಿಲ್ಲ. ಆದರೂ ಆಕೆಯ ಹೆಸರಿನಲ್ಲಿ ವರ್ಷಗಳಿಂದ ಮತ ಹಾಕುತ್ತ ಬಂದಿದ್ದೇನೆ. ಅದೇ ಕಾರ್ಡು ಹಿಡಿದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಲಿಗೆ ನಿಂತೆ. ಗಾಜಿನ ಹಿಂದಿದ್ದ ಅಧಿಕಾರಿ ಕಾರ್ಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು. ಯಾರ ಮೇಲೆ ಅನುಮಾನ ಪಡುವುದೆಂದು ತೀರ್ಮಾನವಾಗದೆ ಇಬ್ಬರನ್ನೂ ಒಳಗೆ ಬಿಟ್ಟರು.

ನಾವು ನಾಲ್ವರು ವಾರಗಿತ್ತಿಯರು. ಬಾಗೂರಿನ ಒಂದೇ ಮನೆಗೆ, ನಾಲ್ಕು ಜನ ಅಣ್ಣತಮ್ಮಂದಿರ ಹೆಂಡಿರಾಗಿ ಬಂದವರು. ದೊಡ್ಡವಳು ಗಂಗಕ್ಕ, ಎರಡನೆಯವಳು ಕಮಲಕ್ಕ, ಮೂರನೆಯವಳು ಮಂಜುಳ ಎಂಬ ನಾನು, ಕೊನೆಯವಳು ಶಿಲ್ಪ. ನಾನು ಹೊಸದುರ್ಗದ ಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಗಂಗಕ್ಕ ಬಾಗೂರಿನಲ್ಲೇ ಉಳಿದು ಮನೆಯ ಕುರಿ ಮೇಕೆಗಳನ್ನು ನೋಡಿಕೊಳ್ಳುತ್ತಾಳೆ. ಪಶುಪತಿನಾಥನನ್ನು ನೋಡಬೇಕೆಂದು ಹಂಬಲಿಸಿದವಳು ಅವಳು. ಚಿತ್ರದುರ್ಗದ ಟೂರಿನವರಿಗೆ ಫೋನು ಮಾಡಿ ನಾಲ್ಕು ಹೆಸರು ಬರೆಸಿದವಳೂ ಅವಳೇ. ಹೋದವರು ಮಾತ್ರ ಉಳಿದ ಮೂವರು.

ಆಗಿದ್ದು ಇಷ್ಟು. ಶಿಲ್ಪಳ ಹೊಸ ಮನೆಯ ಗೃಹಪ್ರವೇಶದ ದಿನ ನಾವು ನಾಲ್ವರೂ ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡೆವು. ನನ್ನದೇ ಫೋನು. ಚೆನ್ನಾಗಿ ಬಂದಿತ್ತು. ಮನೆಯವರೆಲ್ಲ ಇರುವ ಒಂದು ಗ್ರೂಪ್ ನಮ್ಮ ಫೋನುಗಳಲ್ಲಿದೆ. ಅದರ ತಲೆಯ ಮೇಲಿನ ಚಿತ್ರವಾಗಿ ನಾನು ಆ ಫೋಟೋ ಹಾಕಿದೆ. ಫೋಟೋ ಅಗಲವಾಗಿತ್ತು, ಚಿತ್ರದ ಜಾಗ ದುಂಡಗಿತ್ತು. ಒಂದು ತುದಿಯಲ್ಲಿ ನಿಂತಿದ್ದ ಗಂಗಕ್ಕ ಪೂರ್ತಿ ಹೊರಗೆ ಹೋದಳು. ಅವಳ ಸೆರಗಿನ ಒಂದು ಚೂರು ಮಾತ್ರ ಕಮಲಕ್ಕನ ಪಕ್ಕದಲ್ಲಿ ಕಾಣುತ್ತಿತ್ತು.

ಮೂರು ದಿನ ಯಾರೂ ಗಮನಿಸಲಿಲ್ಲ. ಗಂಗಕ್ಕ ಅದನ್ನು ಹಾಕಿದ ಗಂಟೆಯಲ್ಲೇ ನೋಡಿದ್ದಳಂತೆ. “ಬಟ್ಟೆ ಕತ್ತರಿಸಿದಂಗೆ ನನ್ನ ಕತ್ತರಿಸಿ ಒಗದ್ಲು” ಎಂದು ಕಮಲಕ್ಕನ ಹತ್ತಿರ ಹೇಳಿಕೊಂಡಳು. ಸುದ್ದಿ ತಿಳಿದು ನಾನು ಬಾಗೂರಿಗೆ ಹೋದೆ. ಕತ್ತರಿಸಿದ್ದು ನಾನಲ್ಲ, ಫೋನು ತಾನಾಗಿಯೇ ದುಂಡಗೆ ಕತ್ತರಿಸುತ್ತದೆ ಎಂದು ವಿವರಿಸಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೋಟ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಲೆಕ್ಕದ ಮೇಷ್ಟ್ರ ಹಾಗೆ ತೋರಿಸಿದೆ. ಗಂಗಕ್ಕ ಪೂರ್ತಿ ಕೇಳಿಸಿಕೊಂಡು, ಲೋಟ ತೆಗೆದುಕೊಂಡು ಒಳಗೆ ಹೋದಳು.

ಅಂದಿನಿಂದ ಅವಳು ನಮ್ಮೊಂದಿಗೆ ಮಾತು ಬಿಟ್ಟಳು. ಹೊರಡಲು ಹತ್ತು ದಿನ ಇರುವಾಗ ಒಂದೇ ಒಂದು ಸಲ ಬಾಯಿ ತೆರೆದಳು. “ನೀವು ಮೂವರೇ ಹೋಗ್ಬರ್ರಿ. ಫೋಟೋದಾಗೆ ಹೆಂಗೂ ಮೂವರೇ ಅಲ್ವಾ ಇರಾದು.”

ತಪ್ಪಾಯಿತು ಎಂಬ ಒಂದು ಮಾತು ಹೇಳಿದ್ದರೆ ಅವಳು ಬರುತ್ತಿದ್ದಳು. ನಾನು ಹೇಳಲಿಲ್ಲ. ಫೋನಿನ ತಪ್ಪನ್ನು ನಾನೇಕೆ ಒಪ್ಪಿಕೊಳ್ಳಬೇಕು ಎಂಬುದು ನನ್ನ ವಾದ. ಆ ವಾದವನ್ನು ಎದೆಗವಚಿಕೊಂಡೇ ವಿಮಾನ ಹತ್ತಿದೆ.

ಕಠ್ಮಂಡು

ನೇಪಾಳ ನಮಗಿಂತ ಕಾಲು ಗಂಟೆ ಮುಂದಿದೆ. ಅರ್ಧ ಗಂಟೆಯಲ್ಲ, ಒಂದು ಗಂಟೆಯಲ್ಲ, ಕಾಲು ಗಂಟೆ. ನಮ್ಮ ಟೂರಿನಲ್ಲಿದ್ದ ಹಿರಿಯೂರಿನ ನಿವೃತ್ತ ಮೇಷ್ಟ್ರು ಇಳಿದ ಕೂಡಲೇ ವಾಚು ತಿರುಗಿಸಿಕೊಂಡರು. ಅದೇ ಟೂರಿನ ಹೊಳಲ್ಕೆರೆಯವರು, ಬರೀ ಕಾಲು ಗಂಟೆಗೆಲ್ಲ ನಾವು ವಾಚು ಮುಟ್ಟುವುದಿಲ್ಲ ಎಂದರು. ಹಾಗಾಗಿ ಇದ್ದಷ್ಟು ದಿನವೂ ಬಸ್ಸು ಬೆಳಿಗ್ಗೆ ಹೊಳಲ್ಕೆರೆಯವರಿಗಾಗಿ ಕಾಲು ಗಂಟೆ ಕಾಯಿತು.

ಮೇಷ್ಟ್ರಿಗೆ ಇನ್ನೊಂದು ಅಭ್ಯಾಸ. ಅಲ್ಲಿನ ಬೋರ್ಡುಗಳು ಹಿಂದಿ ಅಕ್ಷರದಲ್ಲಿರುವುದರಿಂದ ಅವರಿಗೆ ಓದಲು ಬರುತ್ತಿತ್ತು. ಕಿಟಕಿ ಪಕ್ಕ ಕೂತು ಒಂದನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ಅರ್ಥ ಅವರಿಗೂ ಗೊತ್ತಿರಲಿಲ್ಲ, ನಮಗೂ ಬೇಕಿರಲಿಲ್ಲ. ರಾಜಧಾನಿಯ ಹೊಟೇಲು, ಔಷಧದಂಗಡಿ, ಸಿಮೆಂಟಿನ ಜಾಹೀರಾತುಗಳೆಲ್ಲ ನನಗೆ ಅವರ ದನಿಯಲ್ಲೇ ನೆನಪಿವೆ.

ಮೊದಲ ದಿನ ಬೌದ್ಧನಾಥದ ದೊಡ್ಡ ಸ್ತೂಪಕ್ಕೆ ಕರೆದೊಯ್ದರು. ನಾಲ್ಕೂ ದಿಕ್ಕಿಗೆ ಕಣ್ಣು ಬರೆದಿದ್ದಾರೆ. ಎಲ್ಲಿ ನಿಂತರೂ ನೋಡುತ್ತದೆ. ನಾನು ಫೋನು ತೆಗೆದು, ನಿಂತ್ಕಳ್ರಿ ಎನ್ನುವಷ್ಟರಲ್ಲಿ ಕಮಲಕ್ಕ ಪಕ್ಕಕ್ಕೆ ಜಿಗಿದಳು.

“ಮೂವರು ಬ್ಯಾಡ ಕಣೇ ಮಂಜುಳ. ನಾಲ್ಕು ಜನ ಆಗ್ಲಿ.”

ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ಅವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಇದನ್ನು ನಂಬುವುದಿಲ್ಲ. ನಂಬದಿದ್ದರೂ ಮೂವರ ಫೋಟೋಕ್ಕೆ ನಿಲ್ಲುವುದಿಲ್ಲ. ಅಲ್ಲೇ ಪಾರಿವಾಳಕ್ಕೆ ಹಾಕುವ ಕಾಳು ಮಾರುತ್ತ ಒಬ್ಬ ಹೆಂಗಸು ಕೂತಿದ್ದಳು. ಶಿಲ್ಪ ಕೈಸನ್ನೆ ಮಾಡಿ ಕರೆದಳು. ಆಕೆ ಯಾಕೆ ಏನು ಎಂದು ಕೇಳಲಿಲ್ಲ. ಕೂದಲು ಸವರಿಕೊಂಡು, ಕಾಳಿನ ತಟ್ಟೆಯ ಸಮೇತ ಬಂದು ನಮ್ಮ ಪಕ್ಕ ನಿಂತಳು. ಗುಂಡಿಯಿಲ್ಲದ ರವಿಕೆ ತೊಟ್ಟಿದ್ದಳು, ನಾಲ್ಕು ಕಡೆ ದಾರದಲ್ಲಿ ಕಟ್ಟುವಂಥದು. ನಾನು ಸ್ತೂಪಕ್ಕಿಂತ ಹೆಚ್ಚು ಹೊತ್ತು ಅದರ ಹೊಲಿಗೆ ನೋಡಿದೆ.

ಫೋಟೋದಲ್ಲಿ ಆಕೆಯ ನಗುವೇ ಎಲ್ಲರಿಗಿಂತ ಚೆನ್ನಾಗಿ ಬಂತು. ಶಿಲ್ಪ ಅಲ್ಲಿಂದಲೇ ಮನೆಯ ಗ್ರೂಪಿಗೆ ಕಳಿಸಿದಳು.

ಆಮೇಲೆ ಇದು ನಮಗೆ ರೂಢಿಯಾಯಿತು. ನೇಪಾಳದವರದು ಒಂದು ಗುಣ, ಫೋಟೋಕ್ಕೆ ಕರೆದರೆ ಬಂದು ನಿಲ್ಲುತ್ತಾರೆ. ಮುಗಿದ ಮೇಲೆ ಹೋಗುತ್ತಾರೆ. ನಮ್ಮೂರಲ್ಲಾದರೆ ಯಾವೂರು, ಯಾರ ಪೈಕಿ, ಫೋಟೋ ಯಾತಕ್ಕೆ ಎಂದು ಕೇಳಿ ಮುಗಿಸುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಸಂಜೆಯ ಹೊತ್ತಿಗೆ ಟ್ರಾಫಿಕ್ ಪೊಲೀಸ್ ಹೆಂಗಸೊಬ್ಬಳು, ತರಕಾರಿ ಬುಟ್ಟಿ ಹೊತ್ತ ಮುದುಕಿ, ಕೊರಿಯಾದವಳೋ ಜಪಾನಿನವಳೋ ಗೊತ್ತಾಗದ ಒಬ್ಬ ಹುಡುಗಿ, ಇಷ್ಟು ಜನ ನಮ್ಮ ನಾಲ್ಕನೆಯವರಾಗಿ ಬಾಗೂರಿಗೆ ಹೋದರು.

ಕಳಿಸಿದ್ದನ್ನು ಯಾರು ಯಾರು ನೋಡಿದ್ದಾರೆಂದು ಫೋನು ತೋರಿಸುತ್ತದೆ. ಎಲ್ಲಕ್ಕೂ ಗಂಗಕ್ಕನ ಹೆಸರೇ ಮೊದಲು. ಭಾವಂದಿರು, ಮೈದುನ, ಮಕ್ಕಳು ಚಪ್ಪಾಳೆ, ಹೂವು ಹಾಕಿದ್ದರು. ಗಂಗಕ್ಕ ಏನೂ ಹಾಕಿರಲಿಲ್ಲ.

ಪಶುಪತಿನಾಥ

ಪಶುಪತಿನಾಥನ ಪೂಜೆಗೆ ನಮ್ಮ ಕಡೆಯ ಭಟ್ಟರೇ ಇರುತ್ತಾರೆಂದು ಎಲ್ಲರೂ ಹೇಳಿ ಕಳಿಸಿದ್ದರು. ಆ ಧೈರ್ಯದ ಮೇಲೆ ಕಮಲಕ್ಕ ಬಾಗಿಲ ಹತ್ತಿರ ಪಂಚೆಯುಟ್ಟು ನಿಂತಿದ್ದವರೊಬ್ಬರ ಮುಂದೆ ಕೈಮುಗಿದು, ಮನೆಯ ಕಷ್ಟಸುಖವನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡಳು. ಗಂಗಕ್ಕನ ಮುನಿಸಿನ ವಿಷಯವನ್ನೂ ಹೇಳಿ, ಅವಳ ಮನಸ್ಸು ತಿರುಗುವಂತೆ ಒಂದು ಅರ್ಚನೆ ಮಾಡಿಸಬೇಕೆಂದಳು. ಅವರು ತಲೆಯಾಡಿಸುತ್ತ ಕೊನೆಯವರೆಗೂ ಕೇಳಿದರು. ಆಮೇಲೆ ಹಿಂದಿಯಲ್ಲಿ, ತಾನು ಪಟ್ನಾದಿಂದ ದರ್ಶನಕ್ಕೆ ಬಂದವನು, ಸಾಲು ಎಲ್ಲಿದೆ ಎಂದು ಕೇಳಿದರು.

ಗುಡಿಯ ಒಳಗೆ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಒಳಗೆ ದೇವರನ್ನು ಕಣ್ಣಿಂದಲೇ ನೋಡಬೇಕಾಯಿತು. ಗಂಗಕ್ಕನ ಹೆಸರು ಹೇಳಿ ಕೈಮುಗಿದೆ. ನಾನು ಅವಳ ಮೇಲಿನ ಸಿಟ್ಟಿನಲ್ಲಿದ್ದೆ, ಆದರೂ ಬಂದದ್ದು ಅವಳ ಆಸೆಯ ಜಾಗಕ್ಕೆ. ಹೇಳದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಹೊರಗೆ ಬಂದರೆ ಮೈಗೆ ಬೂದಿ ಬಳಿದುಕೊಂಡ ಸಾಧುವೊಬ್ಬ ತಾನಾಗಿಯೇ ಬಂದು ನಮ್ಮ ನಡುವೆ ನಿಂತ. ಬೆಳಕು ಈ ಕಡೆಯಿಂದ ಬರುತ್ತಿದೆ, ಫೋನನ್ನು ಸ್ವಲ್ಪ ಮೇಲೆ ಹಿಡಿ ಎಂದು ಶಿಲ್ಪಳಿಗೆ ಕೈಸನ್ನೆಯಲ್ಲಿ ತಿದ್ದಿದ. ಅವನು ಹೇಳಿದ ಹಾಗೆ ತೆಗೆದದ್ದು ಆ ಪ್ರವಾಸದ ಅತ್ಯುತ್ತಮ ಫೋಟೋ.

ಮಾರನೆಯ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ದೊಡ್ಡ ಭಾವನ ಫೋನು ಬಂತು. ದೊಡ್ಡ ಭಾವ ಎಂದರೆ ಗಂಗಕ್ಕನ ಗಂಡ. ಕುರಿ ಕಳೆದರೂ ದನಿ ಏರಿಸದ ಮನುಷ್ಯ.

“ಏನಮ್ಮ ಮಂಜುಳ, ಆರಾಮಿದ್ದೀರಾ? ಒಂದ್ ಮಾತು. ನಿಮ್ಮ ಅಕ್ಕನ ಜಾಗಕ್ಕೆ ಅಲ್ಲಿ ಹೊತ್ತಿಗೊಬ್ಬರನ್ನ ತಂದು ನಿಲ್ಸ್ತಾ ಇದ್ದೀರಂತೆ. ನಿನ್ನೆ ಸನ್ಯಾಸಿ ಬಂದ.”

“ಅಯ್ಯೋ ಭಾವ, ಅದು ಮೂವರು ಆಗಬಾರ್ದು ಅಂತ.”

“ನಂಗೆ ಗೊತ್ತಾಗತೈತಮ್ಮ. ಆಕೆಗೆ ಯಾರು ಹೇಳ್ತಾರೆ? ಊಟ ಬಿಟ್ಟಿಲ್ಲ, ಮಾತು ಬಿಟ್ಟವಳೆ. ಕುರಿ ಹತ್ರ ಮಾತ್ರ ಮಾತಾಡ್ತಾಳೆ. ಫೋನು ಮಾತ್ರ ಕೆಳಗಿಡಂಗಿಲ್ಲ.”

ಫೋನಿಟ್ಟು ಇಬ್ಬರಿಗೂ ಹೇಳಿದೆ. ಅಪಶಕುನ ತಪ್ಪಿಸುತ್ತಿದ್ದೇವೆ ಎಂದು ನಾವು ತಿಳಿದಿದ್ದೆವು. ಬಾಗೂರಿನಲ್ಲಿ ಕೂತು ನೋಡಿದರೆ, ನೀನು ಬರದಿದ್ದರೆ ಏನಂತೆ, ಕಾಳು ಮಾರುವವಳೂ ಸಾಕು ಎಂದು ನಾವು ದಿನಕ್ಕೆ ಐದು ಸಲ ಸಾರಿ ಹೇಳಿದಂತಿತ್ತು. ಮೂರು ತಲೆಗಳಲ್ಲಿ ಒಂದಕ್ಕಾದರೂ ಇದು ಹೊಳೆಯಬೇಕಿತ್ತು. ಇನ್ನು ಮೇಲೆ ಇಬ್ಬಿಬ್ಬರೇ ನಿಲ್ಲುವುದು, ಹೊರಗಿನವರು ಬೇಡ ಎಂದು ಇಡ್ಲಿಯಂಥದೊಂದನ್ನು ತಿನ್ನುತ್ತ ತೀರ್ಮಾನಿಸಿದೆವು.

ಮನಕಾಮನಾ

ತೀರ್ಮಾನ ಒಂದು ದಿನ ಬಾಳಿತು.

ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ದಾರಿಯಲ್ಲಿ ಮನಕಾಮನಾ ದೇವಿಯ ಬೆಟ್ಟ. ಕೆಳಗೆ ಹೊಳೆ, ಮೇಲೆ ಗುಡಿ, ನಡುವೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಪೆಟ್ಟಿಗೆಗಳು. ಮೇಷ್ಟ್ರು ಎಂದಿನಂತೆ ಬೋರ್ಡು ಓದುತ್ತ ಬಂದವರು ಒಂದು ಕಡೆ ತಡೆದು ನಿಂತರು. ಮೇಕೆಗೂ ಟಿಕೆಟ್ ಇತ್ತು. ಜನರಿಗೆ ಹೋಗಿ ಬರುವ ಟಿಕೆಟ್, ಮೇಕೆಗೆ ಹೋಗುವುದಕ್ಕೆ ಮಾತ್ರ. ಓದಿ ಮುಗಿಸಿ ಮೇಷ್ಟ್ರು ಆ ದಿನ ಮತ್ತೆ ಯಾವ ಬೋರ್ಡನ್ನೂ ಓದಲಿಲ್ಲ.

ಸಾಲಿನಲ್ಲಿ ನಮ್ಮ ಮುಂದೆಯೇ ಒಂದು ಸಂಸಾರ ಕಪ್ಪು ಹೋತವೊಂದನ್ನು ಹಗ್ಗ ಕಟ್ಟಿ ಹಿಡಿದುಕೊಂಡಿತ್ತು. ಕುರಿ ಮೇಕೆ ಕಂಡ ಕೂಡಲೇ ನಮಗೆ ನೆಂಟರನ್ನು ಕಂಡಷ್ಟು ಸಲಿಗೆ. ಕಮಲಕ್ಕ ಅದರ ಕುತ್ತಿಗೆ ತುರಿಸಿದಳು. ನಾನು ಬೆನ್ನು ಸವರಿದೆ. ಅಷ್ಟರಲ್ಲಿ ಶಿಲ್ಪ ಕೈ ಚಾಚಿ ಫೋನು ಹಿಡಿದಾಗಿತ್ತು.

“ಏಯ್, ಮೂವರು ಬ್ಯಾಡ” ಎಂದಳು ಕಮಲಕ್ಕ.

“ಮೂವರು ಎಲ್ಲಿ ಅಕ್ಕ? ಹೋತ ಐತಲ್ಲ. ತಲೆ ನಾಲ್ಕಾದ್ರೆ ಆತು” ಎಂದು ಶಿಲ್ಪ ತೆಗೆದೇ ಬಿಟ್ಟಳು. ತೆಗೆದು, ಕೈ ರೂಢಿಯಂತೆ, ಗ್ರೂಪಿಗೆ ಕಳಿಸಿಯೂ ಬಿಟ್ಟಳು.

ನಾನು ಅಳಿಸು ಅಳಿಸು ಎನ್ನುವಷ್ಟರಲ್ಲಿ ನಮ್ಮನ್ನು ಪೆಟ್ಟಿಗೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ನೆಲ ಬಿಟ್ಟ ಕೂಡಲೇ ಸಿಗ್ನಲ್ ಹೋಯಿತು. ಕೆಳಗೆ ಹೊಳೆ ಸಣ್ಣದಾಗುತ್ತಿತ್ತು, ಗದ್ದೆಗಳು ಮೆಟ್ಟಿಲ ಹಾಗೆ ಇಳಿಯುತ್ತಿದ್ದವು, ಹೊಳಲ್ಕೆರೆಯವರು ಹಿಂದಿನ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನು ಮಾತ್ರ ಫೋನನ್ನು ಗಾಜಿಗೆ ಒತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದೆ. ಕಾಳು ಮಾರುವವಳು, ಪೊಲೀಸು, ಸನ್ಯಾಸಿ, ಈಗ ಹೋತ. ಗಂಗಕ್ಕ ಇನ್ನು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದುಕೊಂಡೆ. ಅದನ್ನು ನೆನೆದು ನಿಜವಾಗಿ ಭಯವಾಯಿತು.

ದರ್ಶನ ಮುಗಿಸಿ, ಇಳಿಯುವ ಸಾಲಿನಲ್ಲಿ ನಿಂತಾಗ ಫೋನು ಟಣ್ ಎಂದಿತು. ಗ್ರೂಪಿನಲ್ಲಿ ಗಂಗಕ್ಕನ ಮಾತು. ಅವಳು ಅಕ್ಷರ ಒತ್ತುವುದಿಲ್ಲ, ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಗ್ರೂಪಿನಲ್ಲಿ ಅವಳ ದನಿ ಕೇಳಿದ್ದು ಒಂದೂವರೆ ತಿಂಗಳ ಮೇಲೆ ಅದೇ ಮೊದಲ ಸಲ. ಮೂವರೂ ಫೋನಿಗೆ ಕಿವಿ ಹಚ್ಚಿದೆವು.

“ಆ ಹೋತದ ಬಲಗಣ್ಣಾಗೆ ನೀರು ಸುರೀತೈತೆ. ಹುಲ್ಲಿನ ಚೂರು ಸಿಕ್ಕೈತೆ. ಉಜ್ಜಬ್ಯಾಡ್ರಿ. ರೆಪ್ಪೆ ಎತ್ತಿ ಮೆಲ್ಲಕೆ ಊದ್ರಿ ಅಂತ ಅವರಿಗೆ ಹೇಳ್ರಿ.”

ನಾವು ಕುತ್ತಿಗೆ ತುರಿಸಿದ್ದೆವು, ಬೆನ್ನು ಸವರಿದ್ದೆವು. ಕಣ್ಣು ನೋಡಿರಲಿಲ್ಲ. ಅವಳು ಅಷ್ಟು ದೂರದಲ್ಲಿ, ಅಂಗೈಯಗಲದ ಗಾಜಿನಲ್ಲಿ ನೋಡಿದ್ದಳು. ನಾನು ತಲೆಯೆತ್ತಿದೆ. ಅದೇ ಸಂಸಾರ ನಮ್ಮ ಪಕ್ಕದಿಂದಲೇ ಇಳಿಯುವ ಕಡೆಗೆ ಹೋಗುತ್ತಿತ್ತು. ಗಂಡಸಿನ ಒಂದು ಕೈಯಲ್ಲಿ ಚೀಲವಿತ್ತು, ಇನ್ನೊಂದು ಕೈಯಲ್ಲಿ ಹಗ್ಗ ಸುತ್ತಿಕೊಂಡಿದ್ದ.

ಶಿಲ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು, “ಹೇಳಿದ್ವಿ ಅಕ್ಕ, ಊದಿದ್ರು, ಸರಿ ಹೋತು” ಎಂದಳು.

“ಒಳ್ಳೇದಾತು” ಎಂದು ಮರುಗಳಿಗೆಯಲ್ಲೇ ಉತ್ತರ ಬಂತು. ಅಷ್ಟೇ.

ಪೋಖರಾ

ಪೋಖರಾಕ್ಕೆ ಜನ ಯಾಕೆ ಬರುತ್ತಾರೆಂದರೆ ಹಿಮದ ಬೆಟ್ಟ ನೋಡಲು ಬರುತ್ತಾರೆ. ಬೆಟ್ಟ ಮೋಡದೊಳಗಿತ್ತು. ಮೊದಲ ದಿನ ಹೊಟೇಲಿನವನು, ನಾಳೆ ಕಾಣುತ್ತದೆ ಎಂದ. ಎರಡನೆಯ ದಿನವೂ ನಾಳೆ ಎಂದ. ತಾಲ್ಲೂಕು ಕಚೇರಿಗೆ ಓಡಾಡಿದ ಅನುಭವವಿದ್ದುದರಿಂದ ನಮಗೆ ಬೇಸರವಾಗಲಿಲ್ಲ. ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಳಿ ಮೋಡಕ್ಕೆ ಎದುರಾಗಿ ಕೂತೆವು.

ಕೂತು ಕೂತು ನಾನು ಫೋನಿನ ಹಳೆಯ ಫೋಟೋಗಳನ್ನು ನೋಡತೊಡಗಿದೆ. ಹಬ್ಬ, ನಾಮಕರಣ, ಸೀಮಂತ, ತೋಟದಲ್ಲಿ ಎಳನೀರು ಕುಡಿದದ್ದು, ಮಾಡದಕೆರೆಯ ನೆಂಟರ ಮನೆಯಲ್ಲಿ ಉಂಡದ್ದು. ಎಲ್ಲದರಲ್ಲೂ ಗಂಗಕ್ಕ ಇದ್ದಾಳೆ, ಆದರೆ ಎಲ್ಲದರಲ್ಲೂ ತುದಿಯಲ್ಲಿದ್ದಾಳೆ. ಒಂದರಲ್ಲಿ ಅರ್ಧ ಮುಖ, ಒಂದರಲ್ಲಿ ಸೌಟು ಹಿಡಿದ ಕೈ, ಒಂದರಲ್ಲಿ ಬರೀ ಮೊಣಕೈ. ಒಲೆಯ ಹತ್ತಿರದಿಂದಲೋ ಕುರಿಯ ಹತ್ತಿರದಿಂದಲೋ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೊನೆಗೆ ಬರುವವಳು ಅವಳು. ನಾವು ಅಷ್ಟು ಹೊತ್ತಿಗೆ ಒಳ್ಳೆಯ ಜಾಗ ಹಿಡಿದು ನಿಂತಿರುತ್ತೇವೆ. ಯಾರೂ ಅವಳಿಗೆ ಸರಿದು ಜಾಗ ಕೊಟ್ಟಿರಲಿಲ್ಲ. ಇಷ್ಟು ವರ್ಷದ ಫೋಟೋಗಳಲ್ಲಿ ಒಂದರಲ್ಲೂ ಅವಳು ನಡುವೆ ಇಲ್ಲ. ನೋಡುತ್ತ ನನಗೆ ನಾಚಿಕೆಯಾಯಿತು.

ಮೆಟ್ಟಿಲ ಹತ್ತಿರ ಹೋಗಿ ಫೋನು ಬಾಯಿಗೆ ಹಿಡಿದು, “ಅಕ್ಕ” ಎಂದೆ. ಮುಂದೆ ಬರಲಿಲ್ಲ. ಅಳಿಸಿ ಮತ್ತೆ, “ಅಕ್ಕ, ನಾನು ಮಂಜುಳ” ಎಂದೆ. ಇದು ಅವಳಿಗೆ ಗೊತ್ತಿರುವ ವಿಷಯ, ಅದನ್ನೂ ಅಳಿಸಿದೆ. ಹೀಗೆ ಆರೇಳು ಸಲ ಆಯಿತು. ಹೇಳಬೇಕಾದ ಮಾತು ಒಂದಿತ್ತು. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಫೋನಿನಲ್ಲಿ ಹೇಳುವುದಕ್ಕಾಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮೋಡ ಸರಿದು ಬೆಟ್ಟ ಕಾಣಿಸಿತು. ನಾವು ನೋಡುತ್ತಿದ್ದ ಜಾಗಕ್ಕಿಂತ ಎಷ್ಟೋ ಮೇಲೆ ಇತ್ತು. ಅಷ್ಟೂ ದಿನ ಕುತ್ತಿಗೆ ತಗ್ಗಿಸಿ ಹುಡುಕಿದ್ದೆವು. ಹೊಳಲ್ಕೆರೆಯವರನ್ನು ಎಬ್ಬಿಸಿದೆವು, ಅವರ ವಾಚಿನ ಪ್ರಕಾರ ಇನ್ನೂ ಕಾಲು ಗಂಟೆ ಇತ್ತು. ಅವರು ಬರುವಷ್ಟರಲ್ಲಿ ಮೋಡ ಮುಚ್ಚಿತು. ನನ್ನ ಫೋಟೋದಲ್ಲಿ ಅದು ತಂತಿಯ ಮೇಲೆ ಒಣಗಲು ಹಾಕಿದ ಪಂಚೆಯಷ್ಟು ಬಂದಿದೆ. ಬೇಕಾದವರಿಗೆ ತೋರಿಸಬಲ್ಲೆ.

ಬಾಗೂರು

ಊರಿಗೆ ಬಂದ ಮರುದಿನ ಮೂವರೂ ಬಾಗೂರಿನ ಮನೆಗೆ ಹೋದೆವು. ಗಂಗಕ್ಕ ಹಟ್ಟಿಯ ಮುಂದಿನ ಕಟ್ಟೆಯ ಮೇಲೆ ಕೂತು ಮರಿಯೊಂದರ ಗೊರಸು ನೋಡುತ್ತಿದ್ದಳು. “ಕುಂತ್ಕಳ್ರಿ” ಎಂದಳು. ಪ್ರಸಾದ ಕಣ್ಣಿಗೊತ್ತಿಕೊಂಡು ತಿಂದಳು. ಪಶುಪತಿನಾಥದಿಂದ ತಂದ ರುದ್ರಾಕ್ಷಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ನನ್ನ ಕಡೆ ಕೈ ಚಾಚಿ, “ಎಲ್ಲಿ ಕೊಡು ಫೋನು” ಎಂದಳು.

ಒಂದೊಂದೇ ಫೋಟೋ ಸರಿಸಿದಳು. ಸ್ತೂಪ ನೋಡಲಿಲ್ಲ, ಬೆಟ್ಟ ಎಲ್ಲಿ ಎಂದು ಕೇಳಲಿಲ್ಲ. ಕಾಳು ಮಾರುವವಳ ಮೇಲೆ ಬೆರಳಿಟ್ಟಳು.

“ಈಕೆ ಹೆಸರೇನು?”

ನಮಗೆ ಗೊತ್ತಿರಲಿಲ್ಲ.

“ಈ ಪೊಲೀಸಮ್ಮ? ಈ ಅಜ್ಜಿ?”

ಗೊತ್ತಿರಲಿಲ್ಲ.

“ಚೆಂದ ಆತು. ನನ್ನ ಜಾಗದಾಗೆ ನಿಲ್ಸಿದ್ರಲ್ಲ, ಹೆಸರಾದ್ರೂ ಕೇಳಬಾರ್ದೇನ್ರೇ?”

ಶಿಲ್ಪ ಕಟ್ಟೆಯ ಕಲ್ಲು ಕೆರೆಯುತ್ತಿದ್ದಳು. ಗಂಗಕ್ಕ ಇನ್ನಷ್ಟು ಸರಿಸಿ ಹೋತದ ಫೋಟೋಕ್ಕೆ ಬಂದಳು. ಎರಡು ಬೆರಳಿಂದ ಅದರ ಮುಖ ದೊಡ್ಡದು ಮಾಡಿದಳು.

“ಸರಿ ಹೋತು ಅಂದ್ರಲ್ಲ. ಯಾರು ಊದಿದ್ರು?”

ಶಿಲ್ಪ ನನ್ನನ್ನು ನೋಡಿದಳು. ಕಮಲಕ್ಕ ಹಟ್ಟಿಯ ಮಾಡು ನೋಡಿದಳು.

“ಯಾರೂ ಊದಲಿಲ್ಲ ಅಕ್ಕ” ಎಂದೆ. “ನಿನ್ನ ಮಾತು ಬರಾ ಹೊತ್ತಿಗೆ ಅವರು ಬರೀ ಹಗ್ಗ ಹಿಡ್ಕಂಡು ಇಳೀತಿದ್ರು.”

“ನಂಗೆ ಗೊತ್ತಿಲ್ವಾ? ದೇವಿ ಬೆಟ್ಟಕ್ಕೆ ಹೋತ ಯಾತಕ್ಕೆ ಹತ್ತತೈತೆ ಅಂತ ನೀವು ಹೇಳಬೇಕಾ? ಹೋಗಾದು ಹೋಗತೈತೆ, ಕಣ್ಣುರಿ ಇಲ್ದೆ ಹೋಗ್ಲಿ ಅಂದೆ. ನನ್ನ ಬದ್ಲು ನಿಂತಿತ್ತಲ್ಲ ಪಾಪ.”

ಪೋಖರಾದ ಮೆಟ್ಟಿಲ ಮೇಲೆ ಬಾರದ ಮಾತು ಆಗ ತಾನಾಗಿ ಹೊರಗೆ ಬಂತು.

“ಅಕ್ಕ, ಆ ದುಂಡಂದು ತಾನಾಗೇ ಕತ್ತರಿಸಲ್ಲ. ಬೆರಳಾಗೆ ಎಳೆದ್ರೆ ಆ ಕಡೆಗೂ ಬರತೈತೆ, ಈ ಕಡೆಗೂ ಬರತೈತೆ. ನಾನು ಎಳೆದು ನೋಡಿದ್ದೆ. ಆ ತುದಿಗೆ ನೀನಿದ್ದಿ, ಈ ತುದಿಗೆ ನಾನಿದ್ದೆ. ನಿನ್ನ ಒಳಗೆ ತಂದ್ರೆ ನನ್ನ ತೋಳು ಹೊರಗೆ ಹೋಗ್ತಿತ್ತು. ಹೊಸ ಬ್ಲೌಸು, ಆ ತೋಳಿಗೆ ಹದಿನೈದು ದಿನ ಕುಂತು ಮಣಿ ಕೆಲಸ ಮಾಡಿದ್ದೆ. ಅದು ಕಾಣ್ಲಿ ಅಂತ ನಿನ್ನ ಬಿಟ್ಟೆ. ತಪ್ಪಾತು ಅಕ್ಕ.”

ಕಮಲಕ್ಕನೂ ಶಿಲ್ಪಳೂ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು. ಗಂಗಕ್ಕ ತಲೆಯೆತ್ತಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಮರಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಅದರ ಗೊರಸು ಬಿಡಿಸಿದಳು.

“ನಂಗೆ ಅವತ್ತೇ ಗೊತ್ತಿತ್ತು ಕಣೇ” ಎಂದಳು. “ನೀನಾಗೇ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ. ತೋಳು ಚೆಂದಾಗಿತ್ತು.”